ನಡುಮನೆಯ ರೇಡಿಯೋ, ಹಿತ್ತಿಲ ಸ್ಪೀಕರು

ನಮ್ಮ ಅತ್ತೆ ಶಂಕರಮ್ಮನವರಿಗೆ ಎರಡೂ ಕಣ್ಣು ಕಾಣುವುದಿಲ್ಲ ಎಂದು ಮದುವೆಗೆ ಮುಂಚೆಯೇ ನನಗೆ ಹೇಳಿದ್ದರು. ಆದರೂ ಕೊಪ್ಪದಿಂದ ನರಸಿಂಹರಾಜಪುರಕ್ಕೆ, ಜನರ ಬಾಯಲ್ಲಿ ಎನ್ನಾರ್ಪುರಕ್ಕೆ, ಸೊಸೆಯಾಗಿ ಬಂದ ಹೊಸತರಲ್ಲಿ ನಾನದನ್ನು ಮರೆತೇಬಿಡುತ್ತಿದ್ದೆ. ಅವರ ಕೈಯಲ್ಲಿ ಕೋಲಿರಲಿಲ್ಲ. ಗೋಡೆ ತಡಕುತ್ತಿರಲಿಲ್ಲ. ಅಡುಗೆಮನೆಯಿಂದ ಎರಡು ಲೋಟ ಕಾಫಿ ಹಿಡಿದು ನೇರವಾಗಿ ನಡುಮನೆಗೆ ಬಂದು, ಮಾವನವರ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಒಂದು ಲೋಟ ಇಟ್ಟು, ಇನ್ನೊಂದನ್ನು ನನ್ನತ್ತ ಚಾಚಿ, "ಮೇಘನಾ, ಹಿಡ್ಕೊ, ಬಿಸಿ ಅದೆ" ಅನ್ನುತ್ತಿದ್ದರು. ನಾನು ಒಮ್ಮೆ ಹೊಸ ಸೀರೆ ತೋರಿಸಿ, "ಅತ್ತೆ, ಬಣ್ಣ ಹೆಂಗಿದೆ?" ಎಂದು ಕೇಳಿ ನಾಲಿಗೆ ಕಚ್ಚಿಕೊಂಡಿದ್ದೆ. ಅವರು ಸೆರಗನ್ನು ಬೆರಳಲ್ಲಿ ಉಜ್ಜಿ, "ಬಣ್ಣ ನೀ ಹೇಳು. ನೂಲು ಮಾತ್ರ ಒಳ್ಳೇದು" ಅಂದು ನಕ್ಕಿದ್ದರು.

ಅವರ ತವರು ಸೀತೂರು. ಗದ್ದೆ ಮನೆಯವರ ಮಗಳು. ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ರೇಣುಕಪ್ಪನವರನ್ನು, ಅಂದರೆ ನನ್ನ ಮಾವನವರನ್ನು, ಮದುವೆಯಾಗಿ ಈ ಮನೆಗೆ ಬಂದವರು. ನನ್ನ ಗಂಡ ರಾಜಶೇಖರ್ ಕಾಲೇಜಿನಲ್ಲಿ ಓದುತ್ತಿದ್ದಾಗ ಅತ್ತೆಯ ಕಣ್ಣಿನೊಳಗೆ ಒತ್ತಡ ಏರಿ, ನೋಟ ಪಕ್ಕದಿಂದ ಸವೆಯುತ್ತ ಬಂತಂತೆ. ಶಿವಮೊಗ್ಗದ ಡಾಕ್ಟರರು ನೋಡುವ ಹೊತ್ತಿಗೆ ತಡವಾಗಿತ್ತು. ನೋಟ ಪೂರ್ತಿ ಹೋದ ಮೇಲೆ ಮಾವನವರು ಅವರನ್ನು ಕೈಹಿಡಿದು ಬಚ್ಚಲಿಗೆ ಕರೆದೊಯ್ಯುತ್ತಿದ್ದರು, ಕೈಹಿಡಿದು ಊಟಕ್ಕೆ ಕೂರಿಸುತ್ತಿದ್ದರು. ಮಿಕ್ಕ ಹೊತ್ತೆಲ್ಲ ಅತ್ತೆ ಕೋಣೆಯ ಮಂಚದ ಮೇಲೆ ಕೂತಿರುತ್ತಿದ್ದರು. ಆಮೇಲೆ ಒಂದು ದಿನ ತಾವಾಗಿಯೇ ಎದ್ದು ಓಡಾಡತೊಡಗಿದರು. ಹೇಗೆ ಎಂದು ಮನೆಯವರು ಕೇಳಲಿಲ್ಲ, ಅವರೂ ಹೇಳಲಿಲ್ಲ. "ಅಭ್ಯಾಸ ಆಯ್ತು" ಎಂದಷ್ಟೇ ಮಾವನವರು ಬಂದವರಿಗೆ ಹೇಳುತ್ತಿದ್ದರು.

ಮನೆಯವರೆಲ್ಲ ಗಮನಿಸಿದ್ದು ಒಂದೇ. ನಡುಮನೆಯ ಕಿಟಕಿ ಪಕ್ಕದ ಗೂಡಿನಲ್ಲಿದ್ದ ಹಳೆಯ ರೇಡಿಯೋ ಬೆಳಗಿನಿಂದ ಸಂಜೆಯವರೆಗೆ ನಿಲ್ಲಬಾರದು. ಭದ್ರಾವತಿ ಆಕಾಶವಾಣಿ ಮಧ್ಯಾಹ್ನ ಬಿಡುವು ಕೊಟ್ಟರೆ ಬೇರೆ ಯಾವುದೋ ನಿಲಯ ಹಿಡಿದು ಇಡುತ್ತಿದ್ದರು. ಹಾಡೇ ಬರಲಿ, ಅಡಿಕೆ ಧಾರಣೆಯೇ ಬರಲಿ, ಬರೀ ಗೊರಗೊರ ಸದ್ದೇ ಬರಲಿ, ಅದು ಮಾತಾಡುತ್ತಿರಬೇಕು. ಪಕ್ಕದ ಮನೆಯ ದಾಕ್ಷಾಯಣಮ್ಮ, "ಶಂಕರಮ್ಮಂಗೆ ರೇಡಿಯೋ ಹುಚ್ಚು" ಅನ್ನುತ್ತಿದ್ದರು. ನಾವೂ ಹಾಗೆಯೇ ತಿಳಿದಿದ್ದೆವು.

ಆ ತಿಳಿವಳಿಕೆಯಿಂದಲೇ ನನ್ನ ಗಂಡ ಎರಡು ಸಾವಿರದ ಒಂಬತ್ತರ ಯುಗಾದಿಗೆ ಆ ಪೆಟ್ಟಿಗೆ ತಂದಿದ್ದು.

ಬಸ್‌ಸ್ಟ್ಯಾಂಡ್ ಹತ್ತಿರ ಅವರದ್ದು ಡಿಟಿಪಿ, ಝೆರಾಕ್ಸ್ ಅಂಗಡಿ. ಹೊಸ ಯಂತ್ರ ಯಾವುದು ಬಂದರೂ ಊರಿನಲ್ಲಿ ಮೊದಲು ಅವರ ಕೈಗೆ ಬರಬೇಕು. ಶಿವಮೊಗ್ಗದ ಅಂಗಡಿಯೊಂದರಲ್ಲಿ ಇದನ್ನು ನೋಡಿದ್ದರಂತೆ. ಮನೆಯ ಕಂಪ್ಯೂಟರಿಗೆ ಜೋಡಿಸುವ ಒಂದು ಡಬ್ಬಿ, ಅದರಿಂದ ವೈರೇ ಎಳೆಯದೆ ಹಾಡುವ ನಾಲ್ಕು ಸ್ಪೀಕರು. ಯಾವ ಕೋಣೆಯಲ್ಲಿ ಎಷ್ಟು ಜೋರು, ಯಾವ ಕೋಣೆಯಲ್ಲಿ ಮೌನ, ಎಲ್ಲವನ್ನೂ ಫೋನಿನಲ್ಲಿ ಹಾಕಿಕೊಂಡ ಸಾಫ್ಟ್‌ವೇರಿನಿಂದಲೇ ನಡೆಸಬಹುದು. ನಡುಮನೆಯಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು, ದೇವರ ಕೋಣೆಯಲ್ಲಿ ಒಂದು, ಅತ್ತೆಯ ಮಂಚದ ತಲೆದೆಸೆಯಲ್ಲಿ ಒಂದು. ಹಳೆಯ ರೇಡಿಯೋ ಅಟ್ಟ ಸೇರಿತು.

"ಅವ್ವ, ಇನ್ಮೇಲೆ ನೀನು ಎಲ್ಲಿದ್ರೆ ಅಲ್ಲಿ ಹಾಡು" ಎಂದು ಫೋನ್ ಒತ್ತಿದರು. ನಾಲ್ಕೂ ಕೋಣೆಯಿಂದ ಒಟ್ಟಿಗೆ ಹಾಡು ಬಂತು. ನಿಜ ಹೇಳಬೇಕೆಂದರೆ ಆ ಸದ್ದು ಬಹಳ ಚೆನ್ನಾಗಿತ್ತು. ಅತ್ತೆ ನಡುಮನೆಯ ಮಧ್ಯೆ ನಿಂತು ಒಂದು ಕ್ಷಣ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿದರು. "ಭಾಳ ಚೆನ್ನಾಗದೆ ಕಣೋ" ಅಂದರು. ಮಗನ ತಲೆ ಸವರಿದರು.

ಆ ಚೆಂದ ಹೆಚ್ಚು ದಿನ ಉಳಿಯಲಿಲ್ಲ. ಫೋನಿನ ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿದರೆ ತಿರುಗುತ್ತಲೇ ಇರುತ್ತಿತ್ತು. "ಸ್ಪೀಕರ್ ಸಿಗುತ್ತಿಲ್ಲ" ಎಂಬರ್ಥದ ಇಂಗ್ಲಿಷ್ ಸಾಲು ಬರುತ್ತಿತ್ತು, ಸ್ಪೀಕರು ನಮ್ಮ ಕಣ್ಣೆದುರೇ ಕೂತಿರುತ್ತಿತ್ತು. ಅಡುಗೆಮನೆಯದ್ದನ್ನು ಕಡಿಮೆ ಮಾಡಲು ಹೋದರೆ ಕೋಣೆಯದ್ದು ಬಂದ್ ಆಗುತ್ತಿತ್ತು. ಯಾರಾದರೂ ಫೋನ್ ಮಾಡಿದರೆ ಇಡೀ ಮನೆ ಗಪ್‌ಚಿಪ್ ಆಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಸಂಕಟವೆಂದರೆ, ಆ ಸಾಫ್ಟ್‌ವೇರ್ ಇದ್ದಿದ್ದು ಗಂಡನ ಫೋನಿನಲ್ಲಿ, ಫೋನ್ ಇರುತ್ತಿದ್ದುದು ಅವರ ಜೇಬಿನಲ್ಲಿ, ಜೇಬು ಅಂಗಡಿಗೆ ಹೋಗುತ್ತಿತ್ತು. ಮನೆಯಲ್ಲಿದ್ದ ನಾವು ಇಬ್ಬರು ಹೆಂಗಸರು ಅದು ಕೂಗಿದಾಗ ಕೇಳಬೇಕು, ಸುಮ್ಮನಾದಾಗ ಸುಮ್ಮನಿರಬೇಕು.

ಒಂದು ಸೋಮವಾರ ಮಾವನವರು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣುಮುಚ್ಚಿ ಕೂತಿದ್ದಾಗ ದೇವರ ಕೋಣೆಯ ಸ್ಪೀಕರು ಇದ್ದಕ್ಕಿದ್ದಂತೆ ಎಚ್ಚರಗೊಂಡು ಸೋಪಿನ ಜಾಹೀರಾತನ್ನು ಕಿವಿ ಕಿತ್ತುಹೋಗುವಂತೆ ಕೂಗಿತು. ಮಾವನವರು ಪೂಜೆ ಮುಗಿಸಿ ಹೊರಗೆ ಬಂದು, ಹಣೆಯ ವಿಭೂತಿ ಬೆವರಲ್ಲಿ ಕರಗುತ್ತಿರಲು, "ರಾಜಾ, ಇದಕ್ಕೆ ಒಂದು ಗತಿ ಕಾಣಿಸ್ತೀಯೋ, ನಾನೇ ಕಾಣಿಸ್ಲೋ?" ಎಂದರು.

"ಹೊಸ ವರ್ಷನ್ ಬರ್ತದಂತೆ ಅಪ್ಪಾಜಿ. ಅದನ್ನ ಹಾಕಿದ್ರೆ ಎಲ್ಲಾ ಸರಿ ಆಗ್ತದೆ."

ಹೊಸ ವರ್ಷನ್ ಬಂತು. ಅದನ್ನು ಹಾಕಿದ ಮೇಲೆ ನಾಲ್ಕು ಸ್ಪೀಕರಿನಲ್ಲಿ ಮೂರನ್ನು ಮಾತ್ರ ಅದು ಗುರುತಿಸುತ್ತಿತ್ತು. ಗಂಡ ಊಟಕ್ಕೆ ಬಂದರೂ ಕಂಪ್ಯೂಟರ್ ಮುಂದೆಯೇ ಕೂತು ತುತ್ತು ನುಂಗುವುದು, ಶಿವಮೊಗ್ಗಕ್ಕೆ ಫೋನ್ ಮಾಡಿ ಜಗಳ ಆಡುವುದು ದಿನಚರಿಯೇ ಆಯಿತು. "ಡಬ್ಬಿ ಆಫ್ ಮಾಡಿ ಆನ್ ಮಾಡಿ ಅಂತಾನೆ ಮಾರಾಯ್ತಿ! ಅದನ್ನ ನಾನು ಅವಂಗೆ ಕಲಿಸ್ಬೇಕು!" ಎಂದು ನನ್ನ ಮೇಲೆ ರೇಗುತ್ತಿದ್ದರು.

ಈ ಗದ್ದಲದ ನಡುವೆ ಅತ್ತೆ ನಿಧಾನವಾಗಿ ಕೂರತೊಡಗಿದ್ದನ್ನು ನಾವು ಕಾಣಲಿಲ್ಲ. ಕಾಫಿ ತರುವುದು ನಿಂತಿತು. ರೊಟ್ಟಿ ತಟ್ಟಲು ಬರುತ್ತಿದ್ದವರು "ಇವತ್ತು ಸೊಂಟ ನೋವು" ಅನ್ನುತ್ತಿದ್ದರು. ಒಂದು ದಿನ ಹಣೆಯ ಮೇಲೆ ಅಡುಗೆಮನೆ ಬಾಗಿಲ ಚೌಕಟ್ಟಿನ ಗುರುತು ಕೆಂಪಗೆ ಮೂಡಿತ್ತು. ಕೇಳಿದ್ದಕ್ಕೆ, "ಎಂತದೂ ಇಲ್ಲ, ವಯಸ್ಸು" ಅಂದರು. ಆಗವರಿಗೆ ಐವತ್ತಮೂರೋ ಐವತ್ತನಾಲ್ಕೋ ಇರಬೇಕು.

ಮತ್ತೊಂದು ಬೆಳಿಗ್ಗೆ ನಾನು ಬಟ್ಟೆ ಒಣಹಾಕಿ ಒಳಗೆ ಬಂದಾಗ ಅವರು ಅಕ್ಕಿಹಿಟ್ಟಿನ ತಟ್ಟೆ ಹಿಡಿದು ನಡುಮನೆಯಲ್ಲಿ ನಿಂತಿದ್ದರು. ಸ್ಪೀಕರುಗಳಿಂದ ಯಾರೋ ವಚನ ಹಾಡುತ್ತಿದ್ದರು. ಒಂದು ಸ್ಪೀಕರು ತಟಕ್ಕನೆ ನಿಂತು ಇನ್ನೊಂದು ಎದ್ದಿತು. ಅತ್ತೆ ಬಲಕ್ಕೆ ಒಂದು ಹೆಜ್ಜೆ ಇಟ್ಟು ನಿಂತರು. ಎಡಕ್ಕೆ ತಿರುಗಿ ನಿಂತರು. ಆಮೇಲೆ ಮೆಲ್ಲಗೆ, ಯಾರಿಗೂ ಕೇಳಬಾರದೆಂಬಂತೆ, "ಮೇಘನಾ, ಇದ್ದೀಯೇನೆ? ಅಡುಗೆಮನೆ ಯಾವ ಕಡೆ?" ಎಂದರು.

ನಾನು ಬಂದಂದಿನಿಂದ ಅವರು ಯಾರನ್ನೂ ದಾರಿ ಕೇಳಿದ್ದನ್ನು ಕಂಡಿರಲಿಲ್ಲ. ತಟ್ಟೆ ಇಸಿದುಕೊಂಡು ಅವರನ್ನು ಕೂರಿಸಿ, "ಏನಾಗ್ತಿದೆ ಅತ್ತೆ? ನಿಜ ಹೇಳಿ" ಎಂದು ಕೇಳಿದೆ.

ಆಗ ಹೇಳಿದರು. ಮಂಚ ಹಿಡಿದು ಕೂತಿದ್ದ ಆ ದಿನಗಳಲ್ಲಿ ಒಮ್ಮೆ ಮನೆಯಲ್ಲಿ ಯಾರೂ ಇರಲಿಲ್ಲವಂತೆ. ಮಾವನವರು ಒಲೆಯ ಮೇಲೆ ಹಾಲಿಟ್ಟು ಮರೆತು ಅಂಗಡಿಗೆ ಹೋಗಿದ್ದರು. ಸೀದ ವಾಸನೆ ಬಂತು. ಗೂಡಿನಲ್ಲಿ ರೇಡಿಯೋ ಹಾಡುತ್ತಿತ್ತು. ಅದರ ಕಡೆಗೆ ನಡೆದರೆ ನಡುಮನೆ, ಅದನ್ನು ಎಡಗಿವಿಗೆ ಬಿಟ್ಟುಕೊಂಡು ಮುಂದೆ ಹೋದರೆ ಅಡುಗೆಮನೆ ಎಂದು ಹೊಳೆಯಿತು. ಹೋದರು. ಒಲೆ ಆರಿಸಿದರು. ಅಂದಿನಿಂದ ರೇಡಿಯೋವನ್ನು ಬೆನ್ನಿಗೆ, ಬಲಕ್ಕೆ, ಎಡಕ್ಕೆ ಇಟ್ಟುಕೊಂಡು ಇಡೀ ಮನೆಯನ್ನು ಮತ್ತೆ ಕಲಿತರು.

"ಒಂದೇ ಕಡೆಯಿಂದ ಸದ್ದು ಬಂದ್ರೆ ಅದು ದಾರಿ ಕಣೇ. ನಾಕೂ ಕಡೆಯಿಂದ ಬಂದ್ರೆ ನಾನೆಲ್ಲಿ ಅಂತ ಹೇಳ್ಲಿ?"

"ಇದನ್ನ ಇವ್ರಿಗೆ ಹೇಳ್ಬಾರ್ದಿತ್ತಾ?"

"ಅಷ್ಟು ಪ್ರೀತಿಯಿಂದ ತಂದಾನೆ. ಬಾಯಲ್ಲಿ ಹೇಳಿದ್ರೆ ಬೇಜಾರು ಮಾಡ್ಕೊತಾನೆ." ಆಮೇಲೆ ಏನೋ ಹೊಳೆದವರಂತೆ, "ತೋರಿಸಿದ್ರೆ ಆದೀತು" ಅಂದರು.

ಅವತ್ತು ಮಧ್ಯಾಹ್ನ ಊಟ ಮುಗಿಸಿದ ಗಂಡನನ್ನು ಅತ್ತೆ ನಡುಮನೆಗೆ ಕರೆದು, ಅವರ ಹೆಗಲ ಮೇಲಿದ್ದ ಟವೆಲನ್ನೇ ತೆಗೆದು ಕಣ್ಣಿಗೆ ಬಿಗಿದರು.

"ಎಂತ ಮಾಡ್ತಿದ್ದೀಯ ಅವ್ವ? ಕಣ್ಣು ಮುಚ್ಕೊ ಅಂದ್ರೆ ಮುಚ್ಕೊತಿದ್ದೆ."

"ನೀನು ಚಿಕ್ಕವನಿಂದ ಕಣ್ಣಾಮುಚ್ಚಾಲೇಲಿ ಮೋಸ ಮಾಡೋನೇ. ಸುಮ್ನಿರು. ಮೇಘನಾ, ಇವನ್ನ ಮೂರು ಸುತ್ತು ತಿರುಗ್ಸು." ನಾನು ತಿರುಗಿಸಿದೆ. "ಈಗ ಹಾಡು ಕೇಳ್ತಾ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ತಗೊಂಡು ಬಾ."

ಹುಟ್ಟಿ ಬೆಳೆದ ಮನೆ. ನಗುತ್ತಲೇ ಹೊರಟರು. ಕುರ್ಚಿಗೆ ಮೊಣಕಾಲು ಬಡಿಯಿತು. ಕೈ ಚಾಚಿ ಗೋಡೆ ಹುಡುಕಿದರೆ ಕಿಟಕಿಯ ಸರಳು ಸಿಕ್ಕಿತು. ದೇವರ ಕೋಣೆಯ ಹೊಸ್ತಿಲು ಎಡವಿ, "ಇದು ಅಡುಗೆಮನೆ" ಎಂದಾಗ ಬಾಗಿಲಲ್ಲಿ ನಿಂತಿದ್ದ ಮಾವನವರು ಗಟ್ಟಿಯಾಗಿ ನಕ್ಕರು. ಗಂಡ ಮಾತ್ರ ನಗುವುದನ್ನು ನಿಲ್ಲಿಸಿದ್ದರು.

ಅತ್ತೆ ಹೇಳಿದಂತೆ ನಾನು ಸ್ಪೀಕರುಗಳ ಸ್ವಿಚ್ಚನ್ನೆಲ್ಲ ಆರಿಸಿ, ಅಟ್ಟದಿಂದ ಇಳಿಸಿದ್ದ ರೇಡಿಯೋವನ್ನು ಗೂಡಿನಲ್ಲಿಟ್ಟು ಹಾಕಿದೆ. ಮತ್ತೆ ಮೂರು ಸುತ್ತು. "ರೇಡಿಯೋ ಎಡಗಿವಿಗೆ ಬರೋ ಹಂಗೆ ತಿರುಗು. ಈಗ ನಡಿ." ಅವರು ಬಾಗಿಲಿಗೆ ಭುಜ ಸವರಿದ್ದು ಬಿಟ್ಟರೆ ಸರಿಯಾಗಿ ಅಡುಗೆಮನೆಗೆ ಹೋದರು. ಅಲ್ಲಿಂದ ತುಂಬಾ ಹೊತ್ತು ಹೊರಗೆ ಬರಲಿಲ್ಲ. ನಾನು ಇಣುಕಿದೆ. ಟವೆಲನ್ನು ಕೈಯಲ್ಲಿ ಹಿಡಿದು ನೀರಿನ ಹಂಡೆಯ ಮುಂದೆ ನಿಂತಿದ್ದರು.

ಮಾವನವರು ಅತ್ತೆಯ ಎದುರು ಬಂದು ಕೂತರು. "ಇಷ್ಟು ವರ್ಷ ಇದರ ಮೇಲೇ ನಡೀತಿದ್ಯಾ? ನನಗೊಂದು ಮಾತು ಹೇಳ್ಲಿಲ್ವಲ್ಲೇ."

"ಹೇಳಿದ್ರೆ ನೀವು ಹೆದರಿ ಮತ್ತೆ ಕೈ ಹಿಡ್ಕೊಂಡೇ ಓಡಾಡಿಸ್ತಿದ್ರಿ. ನಂಗದು ಬೇಡಾಗಿತ್ತು ರೀ."

ನನಗೆ ಮಾವನವರ ಮುಖದಲ್ಲಿ ಕಂಡಿದ್ದು ಬೇಸರವಲ್ಲ. ಊರಿನವರನ್ನೆಲ್ಲ ಕರೆದು ತನ್ನ ಹೆಂಡತಿಯನ್ನು ತೋರಿಸಬೇಕೆಂಬಂಥ ಒಂದು ಭಾವ ಅದು.

ಗಂಡ ಡಬ್ಬಿಯನ್ನೂ ಸ್ಪೀಕರುಗಳನ್ನೂ ಬಿಚ್ಚಿ ಪೆಟ್ಟಿಗೆಗೆ ತುಂಬುತ್ತಿದ್ದಾಗ ಅತ್ತೆ ತಡೆದರು. "ಎಲ್ಲಾ ಕಟ್ಟಬೇಡ. ಒಂದು ನಂಗೆ ಬೇಕು. ಹಿತ್ತಿಲ ಕೊನೇಲಿ."

ಹಿತ್ತಿಲ ಕೊನೆಯಲ್ಲಿ ಸೌದೆ ಕೊಟ್ಟಿಗೆ, ಅದರ ಪಕ್ಕ ಒಂದು ಬಿಲ್ವದ ಮರ. ಮದುವೆಯಾಗಿ ಬಂದ ವರ್ಷ ಅತ್ತೆಯೇ ನೆಟ್ಟಿದ್ದು. ಮಾವನವರ ಪೂಜೆಗೆ ದಿನವೂ ಅವರೇ ಪತ್ರೆ ಕೊಯ್ದು ತರುತ್ತಿದ್ದರು. ಕಣ್ಣು ಹೋದ ಮೇಲೆ ಅಲ್ಲಿಗೆ ಹೋಗಿರಲಿಲ್ಲ. ನಡುಮನೆಯ ರೇಡಿಯೋ ಸದ್ದು ಹಿಂಬಾಗಿಲಿನಾಚೆ ಅಷ್ಟು ದೂರ ಕೇಳುತ್ತಿರಲಿಲ್ಲ.

ತಾಯಿ ಮಗ ಸೇರಿ ಕೆಲಸಕ್ಕೆ ಇಳಿದರು. ಆ ಸ್ಪೀಕರಿನ ಹಿಂದೆ ವೈರ್ ಸಿಕ್ಕಿಸುವ ಜಾಗವೂ ಇತ್ತು. ಫೋನಿನ ಹಂಗಿಲ್ಲದೆಯೂ ಅದು ಹಾಡುತ್ತದೆ ಎಂದು ಗಂಡನಿಗೆ ಆಗಲೇ ಹೊಳೆದದ್ದು. ಸೌದೆ ಕೊಟ್ಟಿಗೆಯ ಮಾಡಿನ ಕೆಳಗೆ ಅದನ್ನು ಬಿಗಿದರು. ಬಲ್ಬಿಗೆ ಎಳೆದಿದ್ದ ಕರೆಂಟೇ ಸಾಕಾಯಿತು. ಹಿಂಬಾಗಿಲ ಪಕ್ಕ, ಅತ್ತೆಯ ಕೈಗೆ ಸಿಗುವ ಎತ್ತರದಲ್ಲಿ, ಒಂದು ಸಣ್ಣ ರೇಡಿಯೋ ಇಟ್ಟು ಅಲ್ಲಿಂದ ಪೈಪಿನೊಳಗೆ ವೈರ್ ಎಳೆದರು. ಪೈಪಿಗೆ ಗುಂಡಿ ತೋಡಿದ ಮಣ್ಣನ್ನು ಅತ್ತೆ ಕೂತುಕೊಂಡೇ ಕೈಯಿಂದ ಎಳೆದು ಮುಚ್ಚುತ್ತ ಮುಚ್ಚುತ್ತ ಕೊಟ್ಟಿಗೆಯವರೆಗೂ ಹೋದರು. ಹಾಗೆ ನೆಲದ ಮೇಲೆ ಕೂತು ಕೂತೇ ದಾರಿಯ ಒಂದೊಂದು ಉಬ್ಬು ತಗ್ಗನ್ನೂ ಅಂಗೈಯಲ್ಲಿ ಓದಿಕೊಂಡರೆಂದು ನನಗೆ ಆಮೇಲೆ ಗೊತ್ತಾಯಿತು. ಜೋರು ಮಾಡುವುದು, ಮೆಲ್ಲಗೆ ಮಾಡುವುದು ರೇಡಿಯೋದ ಗುಂಡಿ ತಿರುಗಿಸಿಯೇ. ನಡುಮನೆಯಲ್ಲಿ ಭದ್ರಾವತಿ, ಹಿತ್ತಿಲಲ್ಲಿ ಬೇರೆ ನಿಲಯ. ಎರಡೂ ಬೆರೆಯಬಾರದೆಂದು ಅತ್ತೆಯ ಅಪ್ಪಣೆ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿ ಹಿಡಿದು ಹಿಂಬಾಗಿಲು ದಾಟಿದರು. ನಾನು ಹಿಂದೆ ಹೊರಟರೆ, "ನೀನು ಅಲ್ಲೇ" ಅಂದರು. ಸ್ಪೀಕರಿನಲ್ಲಿ ಒಂದು ಹಳೆಯ ಹಾಡು. ಅದರ ಕಡೆಗೆ ಮುಖ ಮಾಡಿ, ಒಂದೇ ಹದದ ಹೆಜ್ಜೆ ಹಾಕುತ್ತ ಹೋಗಿ, ಕೈ ಚಾಚಿದರು. ಬೆರಳು ಮರದ ತೊಗಟೆಗೆ ತಾಗಿತು. ಅವರು ಎರಡೂ ಕೈಯಿಂದ ಕಾಂಡವನ್ನು ಅಳೆದರು. "ಅಯ್ಯೋ, ಎಷ್ಟು ದಪ್ಪ ಆಗಿದೀಯೇ!" ಎಂದು ಮರವನ್ನೇ ಮಾತಾಡಿಸಿದರು. ಮುಳ್ಳು ತಪ್ಪಿಸಿ ತಪ್ಪಿಸಿ ಪತ್ರೆ ಕೊಯ್ಯತೊಡಗಿದರು.

ಬುಟ್ಟಿ ಅರ್ಧ ತುಂಬುವಾಗ ಕರೆಂಟು ಹೋಯಿತು. ಹಾಡು ನಿಂತಿತು. ನಾನು ಓಡಲು ಮೆಟ್ಟಿಲಿಳಿದೆ.

"ಬರಬೇಡ ಮೇಘನಾ! ಬಾಗಿಲಲ್ಲೇ ನಿಂತು ಎಂತಾದ್ರೂ ಮಾತಾಡು. ನಿಲ್ಲಿಸ್ಬೇಡ."

ಏನು ಮಾತಾಡುವುದು? ಆ ಗಾಬರಿಯಲ್ಲಿ ನನ್ನ ಬಾಯಿಗೆ ಬಂದಿದ್ದು ತವರಿನ ಬಸ್‌ಸ್ಟ್ಯಾಂಡಿನ ಕೂಗು. "ಜಯಪುರ, ಶೃಂಗೇರಿ! ಜಯಪುರ, ಶೃಂಗೇರಿ! ಬಾಳೆಹೊನ್ನೂರು, ಚಿಕ್ಕಮಗಳೂರು! ತೀರ್ಥಹಳ್ಳಿ, ಶಿವಮೊಗ್ಗ!" ಎಂದು ಕಂಡಕ್ಟರನಂತೆ ಕೂಗುತ್ತಲೇ ಇದ್ದೆ. ಪಕ್ಕದ ಮನೆಯ ದಾಕ್ಷಾಯಣಮ್ಮ ಏನಾಯಿತೆಂದು ಬೇಲಿಯ ಬಳಿ ಬಂದು ನಿಂತರು. ಅತ್ತೆ ನನ್ನ ದನಿಯನ್ನು ಹಿಡಿದು, ನಗು ತಡೆಯಲಾರದೆ, ಬುಟ್ಟಿಯನ್ನು ಎದೆಗೊತ್ತಿಕೊಂಡು ನೇರವಾಗಿ ಮೆಟ್ಟಿಲಿಗೆ ಬಂದು, "ಎನ್ನಾರ್ಪುರ ಬಂತಾ? ಇಳೀಬೇಕು" ಅಂದರು.

ಮಾವನವರು ಪೂಜೆಗೆ ಕೂತು ಬುಟ್ಟಿ ನೋಡಿದರು. ಮೂರೆಲೆಯ ದಳ ಒಂದೂ ಹರಿದಿರಲಿಲ್ಲ.

"ಇವತ್ತು ಪತ್ರೆ ಯಾರು ಕೊಯ್ದಿದ್ದು?"

"ಮರ ನೆಟ್ಟೋಳು" ಎಂದರು ಅತ್ತೆ.

ಆ ದಿನ ಮಾವನವರ ಪೂಜೆ ಬೇಗ ಮುಗಿಯಲಿಲ್ಲ. ಅಂಗಡಿಗೆ ಹೋದವರು ಬಂದ ಗಿರಾಕಿಗಳಿಗೆಲ್ಲ ಇದನ್ನೇ ಹೇಳಿದರಂತೆ. ಸಕ್ಕರೆ ಕೇಳಿದವರಿಗೂ ಈ ಕಥೆ, ಬೆಲ್ಲ ಕೇಳಿದವರಿಗೂ ಈ ಕಥೆ.

ಸುದ್ದಿ ನನ್ನ ತವರಿಗೂ ಮುಟ್ಟಿತು. ನಮ್ಮಮ್ಮನಿಗೆ ಪರಿಚಯದ ಗೋದಾವರಿ ಎಂಬವಳು ಕೊಪ್ಪದ ಹತ್ತಿರ ನಾರ್ವೆಯಲ್ಲಿದ್ದಳು. ಅವಳ ಗಂಡ ಜಟ್ಟಪ್ಪ ತೋಟದ ಕೆಲಸದವನು. ಅಡಿಕೆಗೆ ಹೊಡೆಯುವ ಔಷಧಿಗೆ ಸುಣ್ಣ ಕದಡುವಾಗ ಅದು ಕಣ್ಣಿಗೆ ಸಿಡಿದು ನೋಟ ಹೋಗಿತ್ತು. ಜಗಲಿ ಬಿಟ್ಟು ಏಳುತ್ತಿರಲಿಲ್ಲ, ಯಾರೊಂದಿಗೂ ಮಾತಿರಲಿಲ್ಲ. ಅಮ್ಮ ಇದನ್ನು ಫೋನಿನಲ್ಲಿ ಹೇಳಿದಾಗ ಪಕ್ಕದಲ್ಲೇ ಕೂತಿದ್ದ ಅತ್ತೆ, "ನಾಳೆ ಬರ್ತೀವಿ ಅಂತ ಹೇಳು" ಅಂದರು. ಅಷ್ಟು ವರ್ಷ ಆಸ್ಪತ್ರೆಗೆ ಬಿಟ್ಟರೆ ಊರು ದಾಟದವರು.

ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದು ಸ್ಪೀಕರು, ಒಂದು ರೇಡಿಯೋ, ವೈರಿನ ಸುರುಳಿ ಚೀಲಕ್ಕೆ ಹಾಕಿಕೊಂಡು ಗಂಡನೂ ಹೊರಟರು. ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತು, ತಿರುವು ಬಂದಾಗೆಲ್ಲ ಊರಿನ ಹೆಸರು ಊಹಿಸುತ್ತಿದ್ದರು. ಅರ್ಧ ತಪ್ಪಾಗುತ್ತಿತ್ತು. ಅದಕ್ಕೂ ನಗುತ್ತಿದ್ದರು.

ಜಟ್ಟಪ್ಪ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಗಂಡ ಚೀಲ ಬಿಚ್ಚಿ, "ಈ ಗೋಡೆಗೆ ಹಾಕಿದ್ರೆ ಒಳಗೆಲ್ಲಾ ಕೇಳ್ತದೆ" ಎಂದು ಮೊಳೆ ಹೊಡೆಯಲು ಹೊರಟರು. ಅತ್ತೆ ಕೈಯೆತ್ತಿ ನಿಲ್ಲಿಸಿ ಅವನ ಪಕ್ಕದಲ್ಲೇ ಕೂತರು.

"ಜಟ್ಟಪ್ಪ, ನಾನೂ ನಿನ್ನ ಹಂಗೇ ಮಾರಾಯ. ಕಾಣಲ್ಲ. ಊರ ಉಸಾಬರಿ ಬಿಡು. ನಿಂಗೆ ಎಲ್ಲಿಗೆ ಹೋಗ್ಬೇಕು ಅನ್ಸುತ್ತೆ, ಅದನ್ನ ಹೇಳು."

ಅವನು ಅಂಗಳದಾಚೆಗೆ ಮುಖ ತಿರುಗಿಸಿದ. ಗೋದಾವರಿ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಕೊನೆಗೆ ಅವನು, "ಕೊಟ್ಟಿಗೆಗೆ ಅಮ್ಮ" ಅಂದ. "ಕರೆಯೋ ದನ ಒಂದದೆ. ಇವಳ ಕೈಗೆ ಅದು ಹಾಲು ಬಿಡಲ್ಲ. ನಾನೇ ಬೇಕು ಅದಕ್ಕೆ."

"ಹಂಗಾದ್ರೆ ಕೊಟ್ಟಿಗೆಗೇ ಹಾಕು ರಾಜಾ" ಎಂದರು ಅತ್ತೆ.

ಕೊಟ್ಟಿಗೆಯ ಕಂಬಕ್ಕೆ ಸ್ಪೀಕರು ಏರಿತು. ಜಟ್ಟಪ್ಪ ಮೊದಲ ಸಲ ಅಂಗಳದ ಮಧ್ಯದಲ್ಲಿ ನಿಂತುಬಿಟ್ಟ. ಎರಡನೆಯ ಸಲ ಗೊಬ್ಬರದ ಗುಂಡಿಯ ಕಡೆ ವಾಲಿದ. ಅತ್ತೆ ಜಗಲಿಯಿಂದಲೇ ಅವನ ಹೆಜ್ಜೆ ಕೇಳುತ್ತ, "ಅವಸರ ಮಾಡ್ಬೇಡ. ಹಾಡು ಎರಡೂ ಕಿವಿಗೆ ಸಮ ಆಗೋವರೆಗೆ ಕತ್ತು ತಿರುಗ್ಸು, ಆಮೇಲೆ ನಡಿ" ಎಂದು ಹೇಳಿಕೊಟ್ಟರು. ನಾವು ಅನ್ನ ಸಾರು ಉಂಡು ಏಳುವ ಹೊತ್ತಿಗೆ ಅವನು ಯಾರ ಕೈಯನ್ನೂ ಹಿಡಿಯದೆ ದನದ ಕುತ್ತಿಗೆ ತುರಿಸುತ್ತ ನಿಂತಿದ್ದ.

ಮರಳುವಾಗ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಹಳೆಯ ಟೀಚರ್ ಒಬ್ಬರು ಸಿಕ್ಕರು. "ಇವರು ಯಾರು?" ಎಂದು ಕೇಳಿದರು. "ನಮ್ಮ ಅತ್ತೆ, ಶಂಕರಮ್ಮ" ಎಂದೆ. ಅಷ್ಟು ಹೇಳಿ ನಿಲ್ಲಿಸಲು ನನ್ನಿಂದ ಆಗಲಿಲ್ಲ. ಹಾಲು ಸೀದ ದಿನದಿಂದ ಶುರುಮಾಡಿದೆ. ನಮ್ಮ ಬಸ್ಸು ಬಂದು ನಿಂತು, ಕಂಡಕ್ಟರ್ ಸೀಟಿ ಊದಿ, ಅತ್ತೆ ನನ್ನ ಸೆರಗು ಜಗ್ಗಿ, "ಸಾಕು ನಡಿಯೇ, ಬಸ್ಸು ಹೋಗ್ತದೆ" ಎನ್ನುವವರೆಗೂ ಹೇಳುತ್ತಲೇ ಇದ್ದೆ.